ಹುತ್ತದ ಒಡತಿಗೆ ನೆಟ್ಟ ಮೂರು ಗೂಟ

ಬಹಳ ಹಿಂದೆ, ಕಾಡಿನ ಮರಗಳನ್ನು ಇನ್ನೂ ಯಾರೂ ಎಣಿಸಿರದ ಕಾಲದಲ್ಲಿ, ಕಂಬಾವತಿ ಎಂಬ ಒಂದು ರಾಜ್ಯವಿತ್ತು.

ಆ ರಾಜ್ಯದಲ್ಲಿ ಎಷ್ಟು ಅಗೆದರೂ ಒಂದು ಕಲ್ಲು ಸಿಗುತ್ತಿರಲಿಲ್ಲ. ಕೋಟೆ ಮರದ್ದು, ಅರಮನೆ ಮರದ್ದು, ಬಾವಿಯ ಕಟ್ಟೆಯೂ ಮರದ್ದು. ತೆಂಗಿನಕಾಯಿ ಒಡೆಯಲು ಪಕ್ಕದ ರಾಜ್ಯದಿಂದ ತಂದ ಕಲ್ಲು ಒಂದೇ ಒಂದಿತ್ತು. ಹಬ್ಬದ ದಿನ ಅದರ ಮುಂದೆ ಊರೆಲ್ಲ ಸಾಲಾಗಿ ನಿಲ್ಲುತ್ತಿತ್ತು.

ಊರ ಹೊರಗೆ ಆನೆಯ ಮೇಲೆ ಆನೆ ನಿಂತಷ್ಟು ಎತ್ತರದ ಹುತ್ತ. ಅದರೊಳಗೆ ಹುತ್ತದ ಒಡತಿ ಎಂಬ ಮಂತ್ರಗಾತಿ ಇದ್ದಳು. ಹಾಲಿನಂಥ ಬಿಳಿ ಮೈ, ಇಕ್ಕಳದಂಥ ಹಲ್ಲು. ಕೋಟಿ ಕೋಟಿ ಗೆದ್ದಲು ಅವಳ ದಂಡು. ಮರದ ಊರಿನ ಮಗ್ಗುಲಲ್ಲಿ ಗೆದ್ದಲಿನ ರಾಣಿ ಇದ್ದರೆ ಆ ಊರು ಉಳಿದದ್ದು ಹೇಗೆ ಅಂತೀರಾ? ಅದಕ್ಕೊಂದು ಒಪ್ಪಂದವಿತ್ತು. ಊರಿನ ಮೊದಲ ಬಡಗಿಗೂ ಒಡತಿಗೂ ಆದ ಒಪ್ಪಂದ. "ನಾನು ತಿನ್ನಬಲ್ಲ ಮರ ನನ್ನದು, ತಿನ್ನಲಾರದ ಮರ ನಿಮ್ಮದು" ಎಂದು ಅವಳು ಹೇಳಿದ್ದಳು. ಅವನು ಒಪ್ಪಿದ್ದ.

ಅಂದಿನಿಂದ ಕಾಡಿನಿಂದ ಯಾವ ಮರ ಬಂದರೂ ಮೊದಲು ಅದರಿಂದ ಗೇಣುದ್ದದ ಗೂಟ ಕಡಿದು ಹುತ್ತಕ್ಕೆ ಹೊಡೆಯುವುದು ಪದ್ಧತಿ. ಮೂರು ತಿಂಗಳು ಬಿಟ್ಟು ಕಿತ್ತು ನೋಡುವುದು. ಮಾವಿನ ಗೂಟ ಮಣ್ಣಾಗಿ ಬರುತ್ತಿತ್ತು. ಬೂರುಗದ ಗೂಟ ಬರುತ್ತಲೇ ಇರಲಿಲ್ಲ. ಕೆಂಪುಹೊನ್ನೆಯ ಗೂಟ ಮಾತ್ರ ಹೊಡೆದ ಹಾಗೆಯೇ, ಒಂದು ಗೀರೂ ಇಲ್ಲದೆ ಬರುತ್ತಿತ್ತು. ಹಾಗಾಗಿ ಕಂಬಾವತಿಯ ಕಂಬಗಳೆಲ್ಲ ಕೆಂಪುಹೊನ್ನೆಯವು.

ಗೂಟ ಹೊಡೆಯುವಾಗ ಊರಿನ ಹಿರಿಯ ಬಡಗಿ ಒಂದು ಮಾತು ಆಡಬೇಕು: "ಗೂಟ ಉಳಿದರೆ ಮರ ಉಳಿದೀತು. ಮರ ಉಳಿಯದಿದ್ದರೆ ನಾನೇ ಗೂಟವಾದೇನು." ಈ ಮಾತನ್ನು ಆಡುತ್ತಿದ್ದವನು ಕಾಳಾಚಾರಿ. ಬಿಗಿ ಮನುಷ್ಯ. ಹೆಂಡತಿ ತೀರಿಕೊಂಡು ಹತ್ತು ವರ್ಷ. ಮನೆಯಲ್ಲಿ ಇದ್ದವರು ಅವನು, ಅವನ ಮಗ ಮೋನಪ್ಪ, ಇಬ್ಬರೇ. ಮಗನಿಗೆ ಇಪ್ಪತ್ತು ವರ್ಷ. ಅಪ್ಪನ ಬಾಯಿಂದ ಒಂದು ದಿನವೂ ಭಲೇ ಎನಿಸಿಕೊಂಡವನಲ್ಲ, ಆದರೂ ಅಪ್ಪನೆಂದರೆ ಅವನಿಗೆ ಜೀವ.

ಹೀಗಿರುವಾಗ ಕಾಂತಿಸೇನ ಎಂಬ ಅರಸ ಪಟ್ಟಕ್ಕೆ ಬಂದ. ಅವನಿಗೆ ಕೆಂಪಿನ ಹುಚ್ಚು. ಅಂಗಿ ಕೆಂಪು, ಬಾವುಟ ಕೆಂಪು, ಆನೆಯ ಜೂಲು ಕೆಂಪು. ಒಂದು ದಿನ ಅಪ್ಪಣೆ ಮಾಡಿದ: "ಗೂಟದ ಪರೀಕ್ಷೆಯಾದ ಮೇಲೆ, ಕಂಬ ನಿಲ್ಲಿಸುವ ಮೊದಲು, ಮರವನ್ನು ಏಳು ದಿನ ಹಂಡೆಯಲ್ಲಿ ಕುದಿಸಿ. ಬಣ್ಣ ನನಗೆ, ಕಂಬ ಊರಿಗೆ." ಬಣ್ಣಗಾರರು ಕುದಿಸಿದರು. ಏಳು ವರ್ಷ ಕುದಿಸಿದರು. ಹೊಸ ಮರ ಸಾಲದೆ ಹಳೆಯ ಕೋಟೆಯನ್ನೂ ಕಿತ್ತು ಕುದಿಸಿ ಮತ್ತೆ ನಿಲ್ಲಿಸಿದರು. ಬಡಗಿಗಳು ಬಣ್ಣಗಾರರ ಕೇರಿಗೆ ಹೋಗುತ್ತಿರಲಿಲ್ಲ, ಬಣ್ಣಗಾರರು ಬಡಗಿಗಳ ಕೇರಿಗೆ ಬರುತ್ತಿರಲಿಲ್ಲ. ಅವರ ಕೆಲಸ ಅವರಿಗೆ, ಇವರ ಕೆಲಸ ಇವರಿಗೆ.

ಒಂದು ಬೆಳಿಗ್ಗೆ ಒಂದು ಕೋಳಿ ಹಾರಿ ಬಂದು ಕೋಟೆಯ ಹೆಬ್ಬಾಗಿಲ ಮೇಲೆ ಕೂತಿತು. ಹೆಬ್ಬಾಗಿಲು ಬಿತ್ತು.

ಸದ್ದಿಗೆ ಜನ ಓಡಿ ಬಂದರು. ನೋಡಿದರೆ ಹೊರಗೆ ಮರದ ಸಿಪ್ಪೆ, ಒಳಗೆ ಬರೀ ಮಣ್ಣು. ಕಾಳಾಚಾರಿ ಹತ್ತಿರದ ಕಂಬಕ್ಕೆ ಹೆಬ್ಬೆರಳು ಒತ್ತಿದ. ಬೆರಳು ಪೂರ್ತಿ ಒಳಗೆ ಹೋಯಿತು. ಎರಡನೆಯ ಕಂಬಕ್ಕೆ ಒತ್ತಿದ. ಅಲ್ಲೂ ಹಾಗೆಯೇ. ಮೂರನೆಯದಕ್ಕೆ ಒತ್ತಲಿಲ್ಲ.

"ಗೂಟ ಉಳಿದಿತ್ತಲ್ಲೋ ಮೋನ್ಯಾ," ಎಂದ. "ನಾನ ಕೈಯಾರೆ ಕಿತ್ತು ನೋಡೀನಿ. ಒಂದು ಗೀರು ಇದ್ದಿದ್ದಿಲ್ಲ."

ಆಗ ನೆಲ ಬಿರಿಯಿತು. ಬಿರುಕಿನಿಂದ ಹುತ್ತದ ಒಡತಿ ಎದ್ದು ಬಂದಳು. ಅವಳ ಹಿಂದೆ ಬಿಳಿಯ ಗೆದ್ದಲು ಉಕ್ಕುವ ಹಾಲಿನ ಹಾಗೆ ಉಕ್ಕಿ ಬಂತು.

"ಕಾಳಾಚಾರಿ, ನಿನ್ನ ಊರು ರುಚಿಯಾಗಿದೆ," ಎಂದಳು. "ತಿನ್ನಬಲ್ಲದ್ದು ನನ್ನದು ಎಂಬ ಮಾತಿದೆ. ಇನ್ನೊಂದು ಮಾತೂ ಇದೆ. ಅದು ನಿನ್ನ ಬಾಯಿಂದ ಬಂದದ್ದು."

ಕಾಳಾಚಾರಿ ತಲೆ ತಗ್ಗಿಸಲಿಲ್ಲ. "ಐತಿ. ಮಾತು ತಪ್ಪೂ ಮನಿತನ ಅಲ್ಲ ನಮ್ಮದು," ಎಂದ.

"ಅಪ್ಪಾ, ಬ್ಯಾಡ!" ಎಂದು ಮೋನಪ್ಪ ಕೂಗುವಷ್ಟರಲ್ಲಿ ಒಡತಿ ಒಂದು ಹಿಡಿ ಹುತ್ತದ ಮಣ್ಣು ಎತ್ತಿ ಊದಿದಳು. ಕಾಳಾಚಾರಿ ನಿಂತಲ್ಲೇ ಮರವಾದ. ಅದೂ ಎಂಥ ಮರ? ಬೂರುಗದ ಮರ. ಉಗುರಿನಿಂದ ಗೀರಿದರೆ ಗೀರು ಬೀಳುವಂಥ ಬಿಳಿ ಮೆತ್ತನೆಯ ಮರ. ಒಡತಿ ಅವನನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಿ, ಹುತ್ತದ ನೆತ್ತಿಯಲ್ಲಿ ಪಾದ ಹೂಳುವ ಹಾಗೆ ನೆಟ್ಟಳು. "ನಿನ್ನ ಮಾತಿನಂತೆ ನೀನೇ ಗೂಟ!" ಎಂದು ಊರೆಲ್ಲ ಕೇಳುವ ಹಾಗೆ ನಕ್ಕಳು.

ಮೋನಪ್ಪ ಹುತ್ತದ ಬುಡಕ್ಕೆ ಓಡಿದ. ಅಳು ಬರುತ್ತಿತ್ತು, ಆದರೆ ಅಳಲಿಲ್ಲ.

"ಒಡತಿ, ಮರ ಉಳೀಲಿಲ್ಲ ಖರೆ. ಆದ್ರ ಗೂಟ ಉಳಿದಿತ್ತು, ಅದೂ ಖರೆ. ಎರಡೂ ಖರೆ ಅಂದ್ರ ನಡುವ ಏನೋ ತಪ್ಪೈತಿ. ಹುಡುಕಾಕ ನನಗ ವ್ಯಾಳ್ಯಾ ಕೊಡು."

ಒಡತಿಗೆ ತನ್ನ ಹಲ್ಲಿನ ಮೇಲೆ ಬಹಳ ಜಂಬ. "ಮೂರು ದಿನ ಕೊಟ್ಟೆ," ಎಂದಳು. "ದಿನಕ್ಕೊಂದು ಗೂಟ. ಯಾವ ಮರವಾದರೂ ಆದೀತು. ಮಧ್ಯಾಹ್ನದೊಳಗೆ ನನ್ನ ಹುತ್ತದಲ್ಲಿ ನೆಟ್ಟಿರಬೇಕು. ಮೂರರಲ್ಲಿ ಒಂದಾದರೂ ಹೊತ್ತು ಮುಳುಗುವ ತನಕ ಗೂಟವಾಗಿ ಉಳಿದರೆ ನಿನ್ನಪ್ಪ ನಿನಗೆ, ಊರು ಊರಿನವರಿಗೆ. ಉಳಿಯದಿದ್ದರೆ ಅಪ್ಪನೂ ನನಗೆ, ಊರೂ ನನಗೆ. ಅಷ್ಟರೊಳಗೆ ನನ್ನ ಮಕ್ಕಳು ಹಸಿದಿರಬಾರದಲ್ಲ? ಮೊದಲ ದಿನ ನಿನ್ನಪ್ಪನ ಮೊಣಕಾಲವರೆಗೆ ಹತ್ತುತ್ತಾರೆ. ಎರಡನೆಯ ದಿನ ಸೊಂಟದವರೆಗೆ."

"ಮೂರನೇ ದಿನ?"

"ಮೂರನೆಯ ದಿನಕ್ಕೆ ಗಡಿಯಿಲ್ಲ," ಎಂದಳು ಒಡತಿ.

ಮೊದಲ ದಿನ ಊರಿನವರೆಲ್ಲ ಹೇಳಿದ್ದು ಒಂದೇ ಮಾತು: "ಗಟ್ಟಿ ಮರ ತಾರೋ ಮೋನಪ್ಪ, ಎಲ್ಲಕ್ಕಿಂತ ಗಟ್ಟಿ ಮರ ತಾ." ಬೋಳುಗುಡ್ಡದ ಮೇಲೆ ಕೊಡಲಿಮುರುಕ ಎಂಬ ಮರವಿತ್ತು. ಅದಕ್ಕೆ ಬಿದ್ದ ಕೊಡಲಿ ಮತ್ತೆ ಮನೆಗೆ ಬರುತ್ತಿರಲಿಲ್ಲ. ಅದರ ಬುಡದಲ್ಲಿ ತಾಮ್ರದ ಮುಳ್ಳಿನ ಒಂದು ಮುಳ್ಳುಹಂದಿ ಕಾವಲಿತ್ತು. ಅದಕ್ಕೆ ಮಾತು ಬರುತ್ತಿತ್ತು.

"ಈ ಮರ ಕಡಿಯಲು ನನ್ನ ಮುಳ್ಳಿಗೆ ಮಾತ್ರ ಸಾಧ್ಯ. ಏನು ಕೊಡುವೆ?" ಎಂದಿತು.

ಮೋನಪ್ಪ ಸೊಂಟದಿಂದ ಉಳಿ ತೆಗೆದ. ಅಪ್ಪ ಕೊಡಿಸಿದ ಮೊದಲ ಉಳಿ. "ಇದಕ್ಕಿಂತ ಬೆಲಿ ಬಾಳೂದು ನನ್ನ ಹಂತ್ಯಾಕ ಇಲ್ಲ," ಎಂದ.

"ಕೊಂಬೆ ಹಿಡಿದುಕೋ. ಕೈ ನಡುಗಿದರೆ ನನ್ನ ತಪ್ಪಲ್ಲ."

ಮೋನಪ್ಪ ಎರಡೂ ಕೈಯಲ್ಲಿ ಕೊಂಬೆ ಹಿಡಿದು ನಿಂತ. ಮುಳ್ಳುಹಂದಿ ಮೈ ಕೊಡವಿತು. ಮುಳ್ಳುಗಳು ಹಾರಿ ಬಂದು ಅವನ ಬೆರಳುಗಳ ಸಂದಿನಲ್ಲಿ ಕೊಂಬೆಗೆ ಸರಸರ ನಾಟಿದವು. ಒಂದು, ಎರಡು, ಹತ್ತು, ಇಪ್ಪತ್ತು. ಅವನು ಉಸಿರು ಬಿಡಲಿಲ್ಲ, ಕೈ ಅಲುಗಿಸಲಿಲ್ಲ. ಕೊನೆಗೆ ಕೊಂಬೆ ಟಪ್ಪೆಂದು ಮುರಿದು ಕೈಗೆ ಬಂತು. ಅದನ್ನು ಹೊತ್ತುಕೊಂಡು ಓಡಿ ಬಂದು ಮಧ್ಯಾಹ್ನಕ್ಕೆ ಸರಿಯಾಗಿ ಹುತ್ತದಲ್ಲಿ ನೆಟ್ಟ.

ಗೆದ್ದಲು ಬಂದವು, ಕಚ್ಚಿದವು. ಹಲ್ಲು ಕೂರಲಿಲ್ಲ. ಊರಿನವರು ಕುಣಿದಾಡಿದರು. ಗೆದ್ದಲಿಗೇನು ಅವಸರ? ಎಂಜಲು ಉಗುಳಿ ಮಣ್ಣು ಮೆತ್ತಿದವು, ಮಣ್ಣಿನ ಮರೆಯಲ್ಲಿ ಕೂತು ಮೆತ್ತಗೆ ಮಾಡಿಕೊಂಡು ತಿಂದವು. ಹೊತ್ತು ಮುಳುಗುವಾಗ ಮೋನಪ್ಪ ಗೂಟ ಮುಟ್ಟಿದ. ಮೊಟ್ಟೆಯ ಚಿಪ್ಪಿನ ಹಾಗೆ ಪುಡಿಯಾಯಿತು.

"ಗಟ್ಟಿತನ ಹಲ್ಲಿಗೆ ಕಷ್ಟ, ಹೊಟ್ಟೆಗೇನು ಕಷ್ಟ?" ಎಂದಳು ಒಡತಿ.

ಹುತ್ತದ ನೆತ್ತಿಯಲ್ಲಿ ಕಾಳಾಚಾರಿಯ ಮೊಣಕಾಲವರೆಗೆ ಹಸಿಮಣ್ಣು ಏರಿತ್ತು. ಮಣ್ಣಿನೊಳಗಿನಿಂದ ಕರಕರ ಸದ್ದು ಬರುತ್ತಿತ್ತು. ಆ ಸದ್ದು ಕೇಳಿ ಮೋನಪ್ಪ ಕಿವಿ ಮುಚ್ಚಿಕೊಂಡ.

ಎರಡನೆಯ ದಿನ ಅವನು ಯಾರ ಮಾತನ್ನೂ ಕೇಳಲಿಲ್ಲ. "ಹಿಂದಿನಿಂದ ಉಳಿದು ಬಂದದ್ದು ಕೆಂಪುಹೊನ್ನಿ ಗೂಟ. ಅದನ್ನ ತರ್ತೀನಿ," ಎಂದು ಕಾಡಿಗೆ ಹೊರಟ. ಕಾಡೆಲ್ಲಿತ್ತು? ಏಳು ವರ್ಷ ಹಂಡೆಗೆ ತುಂಬಿದ ಕಾಡು ಅದು. ಕಾಡೆಂದರೆ ಬರೀ ಮೋಟುಗಳು. ಅಲೆದು ಅಲೆದು ಒಂದು ಕೊರಕಲಿನಲ್ಲಿ ಒಂದೇ ಒಂದು ಎಳೆಯ ಕೆಂಪುಹೊನ್ನೆ ಕಂಡ. ಅದರ ಮುಂದೆ ಎರಡಾಳೆತ್ತರದ ಕರಡಿ ಎದ್ದು ನಿಂತಿತು.

"ಇದು ಕೊನೆಯದು. ಇದನ್ನು ಕಡಿದರೆ ನಿನ್ನನ್ನು ಸಿಗಿಯುತ್ತೇನೆ," ಎಂದಿತು ಕರಡಿ.

"ನಮ್ಮಪ್ಪಗ ಗೆದ್ದಲು ಹತ್ತ್ಯಾವ," ಎಂದ ಮೋನಪ್ಪ. ಬೇರೆ ಮಾತೇ ಅವನಿಗೆ ಹೊಳೆಯಲಿಲ್ಲ.

ಕರಡಿ ಅವನನ್ನು ಮೂಸಿ ನೋಡಿತು. "ಒಂದು ರೆಂಬೆ ಕೊಡುತ್ತೇನೆ," ಎಂದಿತು. "ಅದು ಕೊಯ್ದು ಮುಗಿಯುವ ತನಕ ನನ್ನ ಪಂಜ ನಿನ್ನ ಬೆನ್ನ ಮೇಲಿರುತ್ತದೆ. ಗರಗಸ ಕಾಂಡಕ್ಕೆ ಎಷ್ಟು ತಾಗುತ್ತದೋ ನನ್ನ ಉಗುರು ನಿನಗೆ ಅಷ್ಟೇ ಇಳಿಯುತ್ತದೆ."

ಮೋನಪ್ಪ ಗರಗಸ ಎಳೆದ. ಬೆನ್ನ ಮೇಲೆ ಐದು ಉಗುರು ತಣ್ಣಗೆ ಕೂತಿದ್ದವು. ರೆಂಬೆ ಮುಗಿಯುತ್ತಾ ಬಂದಾಗ ಕೈ ಬೆವರಿ ಗರಗಸ ಜಾರಿತು, ಕಾಂಡಕ್ಕೆ ಕೂದಲೆಳೆಯಷ್ಟು ತಾಗಿತು. ಕರಡಿ ಹೇಳಿದ ಮಾತು ಉಳಿಸಿಕೊಂಡಿತು. ಬೆನ್ನಿಂದ ರಕ್ತ ಇಳಿಯಿತು. ಮೋನಪ್ಪ ತುಟಿ ಕಚ್ಚಿಕೊಂಡು ಕೊಯ್ದು ಮುಗಿಸಿದ.

"ಪಕ್ಕದಲ್ಲೇ ಕಾಂಡವಿತ್ತು. ಆಸೆಯಾಗಲಿಲ್ಲವೇ?" ಎಂದಿತು ಕರಡಿ.

"ಆಗಿತ್ತು," ಎಂದ ಮೋನಪ್ಪ. "ಆದ್ರ ಇದು ಒಂದ ಉಳಿದೈತಿ."

ರೆಂಬೆಯ ಗೂಟವನ್ನು ಮಧ್ಯಾಹ್ನದೊಳಗೆ ನೆಟ್ಟ. ಎಳೆಯ ರೆಂಬೆ, ಮುಕ್ಕಾಲು ಪಾಲು ಬಿಳಿ. ಗೆದ್ದಲು ಈ ಸಲ ಎಂಜಲು ಉಗುಳಲೂ ಇಲ್ಲ, ಕಡುಬು ತಿಂದ ಹಾಗೆ ತಿಂದವು. ಹೊತ್ತು ಮುಳುಗುವಾಗ ಮಣ್ಣು ಕೆದರಿ ನೋಡಿದರೆ ನಟ್ಟನಡುವೆ ಒಂದು ಕೆಂಪು ಕಡ್ಡಿ ನಿಂತಿತ್ತು. ಹುಲ್ಲಿನ ದಂಟಿನಷ್ಟು ದಪ್ಪ. ಅದರ ಮೇಲೆ ಒಂದು ಹಲ್ಲಿನ ಗುರುತೂ ಇರಲಿಲ್ಲ.

"ಉಳಿದೈತಿ! ಉಳಿದೈತಿ!" ಎಂದು ಜನ ಕೂಗಿದರು.

"ಇದು ಗೂಟವೇ?" ಎಂದಳು ಒಡತಿ. "ಇದರಿಂದ ನಾನು ಹಲ್ಲು ಚುಚ್ಚಿಕೊಳ್ಳುತ್ತೇನೆ. ಎರಡು ದಿನ ಮುಗಿಯಿತು, ಮೋನಪ್ಪ."

ಕಾಳಾಚಾರಿಯ ಸೊಂಟದವರೆಗೆ ಮಣ್ಣು ಏರಿತ್ತು. ಜನ ಒಬ್ಬೊಬ್ಬರೇ ಮುಖ ಮರೆಸಿಕೊಂಡು ಮನೆಗೆ ಹೋದರು. ಒಬ್ಬಳು ಮಾತ್ರ ಹೋಗಲಿಲ್ಲ. ಬಣ್ಣಗಾರರ ಕೇರಿಯ ಗಂಗವ್ವ. ಹಂಡೆಯ ಮುಂದೆ ಏಳು ವರ್ಷ ನಿಂತು ಅವಳ ಎರಡೂ ಅಂಗೈ ಕೆಂಪಾಗಿ ಹೋಗಿದ್ದವು, ತೊಳೆದರೆ ಹೋಗುವ ಕೆಂಪಲ್ಲ. ಅವಳು ಆ ಕಡ್ಡಿಯನ್ನು ತೆಗೆದು ಅಂಗೈ ಮೇಲೆ ಇಟ್ಟುಕೊಂಡಳು. ಕಡ್ಡಿ ಎಲ್ಲಿ, ಅಂಗೈ ಎಲ್ಲಿ ತಿಳಿಯಲಿಲ್ಲ. ಎರಡೂ ಒಂದೇ ಬಣ್ಣ.

"ತಮ್ಮಾ, ಇದು ನಮ್ಮ ಹಂಡೇದ ಕೆಂಪು," ಎಂದಳು ಗಂಗವ್ವ. "ನಿಮ್ಮ ತೊಲಿ ಕೆಂಪಗ ಬರ್ತಿದ್ದವು, ಬೆಳ್ಳಗ ಹೋಗ್ತಿದ್ದವು. ಬರೀ ಬಣ್ಣ ತಗೀತೀವಿ ಅಂತ ತಿಳಕೊಂಡಿದ್ವಿ. ಗೆದ್ದಲು ತಡಿಯೂದು ಆ ಕೆಂಪ ಆಗಿತ್ತು. ಅದನ್ನ ಕುದಿಸಿ ಕುದಿಸಿ ನಾವ ತಗದಬಿಟ್ವಿ."

ಮೋನಪ್ಪ ದೊಪ್ಪನೆ ಕೂತ. ಗೂಟ ಕಡಿದದ್ದು ಕುದಿಸುವ ಮೊದಲು, ಕಂಬ ನಿಲ್ಲಿಸಿದ್ದು ಕುದಿಸಿದ ಮೇಲೆ. ಗೂಟವೂ ಸುಳ್ಳಾಡಿರಲಿಲ್ಲ, ಅಪ್ಪನೂ ಸುಳ್ಳಾಡಿರಲಿಲ್ಲ. ಆದರೆ ಮರ ಯಾಕೆ ಬಿಳಿಚಿಕೊಂಡು ಬರುತ್ತದೆ ಎಂದು ಅಪ್ಪ ಒಂದು ದಿನವೂ ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲ. ಅವನಿಗೆ ಸಿಟ್ಟು ಬಂತು. ಅರಸನ ಮೇಲೆ, ಗಂಗವ್ವನ ಮೇಲೆ, ಅಪ್ಪನ ಮೇಲೆ, ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆ. ಎರಡು ಕೇರಿಯ ನಡುವೆ ಇದ್ದದ್ದು ನೂರು ಹೆಜ್ಜೆ.

"ತಗದ ಕೆಂಪು ಈಗ ಎಲ್ಲಿ ಐತಿ, ಅವ್ವಾ?"

"ಬಟ್ಟಿಗೆ ಹತ್ತಿದ್ದು ಹತ್ತಿತು, ಅದು ಬಿಡಂಗಿಲ್ಲ. ಕಾಕಂಬಿಯಂಗ ಗಟ್ಟಿ ಮಾಡಿದ್ದು ಒಂದ ಗಡಿಗಿ ಐತಿ. ಅರಸರ ಸಿಂಹಾಸನದ ಕೆಳಗ."

ಮೂರನೆಯ ದಿನದ ಕಾವಲುಗಾರನಿಗೆ ಮುಳ್ಳಿರಲಿಲ್ಲ, ಉಗುರಿರಲಿಲ್ಲ, ಕಿರೀಟವಿತ್ತು. ಹೊತ್ತು ಹುಟ್ಟುತ್ತಲೇ ಮೋನಪ್ಪ ಅರಮನೆಗೆ ಹೋದ. ಕಾವಲಿನವರು ಯಾವಾಗಲೋ ಓಡಿಹೋಗಿದ್ದರು. ಗೋಡೆಗಳಿಂದ ಹುಡಿ ಉದುರುತ್ತಿತ್ತು. ಅಷ್ಟು ದೊಡ್ಡ ಸಭೆಯಲ್ಲಿ ಕಾಂತಿಸೇನ ಒಬ್ಬನೇ ಕೆಂಪು ನಿಲುವಂಗಿ ತೊಟ್ಟು ಸಿಂಹಾಸನದ ಮೇಲೆ ಕೂತಿದ್ದ.

ಮೋನಪ್ಪ ಕೈಮುಗಿದು ಎಲ್ಲ ಹೇಳಿದ. ಅರಸ ಮುಖ ತಿರುಗಿಸಿದ.

"ಆ ಗಡಿಗೆ ನನ್ನ ಪಟ್ಟದ ಹಬ್ಬಕ್ಕೆ ಇಟ್ಟದ್ದು. ಕೇಳಿದವರಿಗೆಲ್ಲ ಕೊಡಲು ಅದೇನು ಮಜ್ಜಿಗೆಯೇ? ಏನು ಕೊಡುವೆ?"

"ಉಳಿ ಮುಳ್ಳುಹಂದಿಗೆ ಕೊಟ್ಟೆ, ರಕ್ತ ಕರಡಿಗೆ ಕೊಟ್ಟೆ. ನನ್ನ ಹಂತ್ಯಾಕ ಏನೂ ಉಳಿದಿಲ್ರಿ," ಎಂದ ಮೋನಪ್ಪ. "ಒಂದು ಮಾತು ಹೇಳ್ತೀನಿ, ಪುಕ್ಕಟ ತಗೋರಿ. ನಿಮ್ಮ ತಲಿಮ್ಯಾಲಿನ ತೊಲಿ ಹತ್ತು ಎಣಸೂದ್ರಾಗ ಬೀಳ್ತೈತಿ. ಏಳ್ರಿ."

ಅರಸ ನಕ್ಕ. ಹಟಕ್ಕೆ ಬಿದ್ದು ಎಣಿಸತೊಡಗಿದ. "ಒಂದು. ಎರಡು. ಮೂರು." ಕಿರೀಟದ ಮೇಲೆ ಹುಡಿ ಬಿತ್ತು. "ನಾಲ್ಕು. ಐದು." ತೊಲೆ ನರಳಿತು. "ಆರು" ಎನ್ನುವಾಗ ಅರಸನ ದನಿ ಸಣ್ಣಗಾಯಿತು. ಏಳು ಎನ್ನಲಿಲ್ಲ. ಮೋನಪ್ಪ ಹಾರಿ ಅರಸನ ರಟ್ಟೆ ಹಿಡಿದು ಎಳೆದುಕೊಂಡು ಉರುಳಿದ. ತೊಲೆ ಬಿದ್ದ ಹೊಡೆತಕ್ಕೆ ಸಿಂಹಾಸನ ಹಿಟ್ಟಾಯಿತು. ಅದೂ ಒಳಗೊಳಗೇ ಟೊಳ್ಳಾಗಿತ್ತು.

ಅರಸ ನೆಲದ ಮೇಲೆ ಕೂತು ಆ ಹಿಟ್ಟನ್ನು ಮುಟ್ಟಿ ನೋಡಿದ. ಅವನ ಕಿರೀಟ ಎಲ್ಲೋ ಉರುಳಿತ್ತು, ಅದನ್ನು ಹುಡುಕಲಿಲ್ಲ.

"ತೊಗೊ, ಎಲ್ಲ ತೊಗೊ," ಎಂದ.

ಆದರೆ ಗಡಿಗೆ ಒಡೆದಿತ್ತು. ಮುಕ್ಕಾಲು ಪಾಲು ಕೆಂಪು ಹುಡಿಯಲ್ಲಿ ಬೆರೆತು ಹೋಗಿತ್ತು. ತಳದ ಚೂರಿನಲ್ಲಿ ಉಳಿದದ್ದನ್ನು ಮೋನಪ್ಪ ಎದೆಗೆ ಅವಚಿಕೊಂಡು ಹುತ್ತದ ಕಡೆ ಓಡಿದ. ಮಧ್ಯಾಹ್ನಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ಗಂಗವ್ವ ಮೂರು ಮಣ್ಣಿನ ಹೆಂಟೆ ಒಲೆಯಾಗಿ ಹೂಡಿ ಬೆಂಕಿ ಹಾಕಿ ಕಾಯುತ್ತಿದ್ದಳು. ಕೆಂಪನ್ನು ಪಾತ್ರೆಯ ನೀರಿಗೆ ಹಾಕಿ ಬಿಸಿ ಮಾಡಿದಳು. ಬಿಸಿಯಿದ್ದರೆ ಮಾತ್ರ ಅದು ಮರದೊಳಗೆ ಇಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮೋನಪ್ಪ ಬೂರುಗದ ಗೂಟವೊಂದನ್ನು ಕಡಿದು ಇಟ್ಟುಕೊಂಡಿದ್ದ. ಅದನ್ನು ಕೆಂಪಿನಲ್ಲಿ ಅದ್ದಿ ನೆಡಬೇಕೆಂದು ಅವನ ಯೋಚನೆ.

ಆಗ ಒಡತಿ ಹುತ್ತದ ಮೇಲಿಂದ ಕರೆದಳು. "ಮೋನಪ್ಪ, ಮೊದಲು ಮೇಲೆ ನೋಡು."

ಮೋನಪ್ಪ ನೋಡಿದ. ಬೆಳಗಿನಿಂದ ಗೆದ್ದಲಿಗೆ ಗಡಿಯಿರಲಿಲ್ಲ. ಮಣ್ಣು ಅಪ್ಪನ ಎದೆ ದಾಟಿ ಕುತ್ತಿಗೆಗೆ ಬಂದಿತ್ತು.

"ನೆಡು ನಿನ್ನ ಗೂಟ," ಎಂದಳು ಒಡತಿ. "ಉಳಿದ ಕಡ್ಡಿ ನೋಡಿದ್ದೇನೆ, ಆ ಕೆಂಪಿದ್ದರೆ ಇದೂ ಉಳಿದೀತು. ಹೊತ್ತು ಮುಳುಗಿದಾಗ ನೀನು ಗೆದ್ದೆ ಎಂದು ನಾನೇ ಹೇಳುತ್ತೇನೆ. ಗೆದ್ದು ಯಾರನ್ನು ಮನೆಗೆ ಕರೆದುಕೊಂಡು ಹೋಗುವೆ?"

ಗಂಗವ್ವ ಪಾತ್ರೆ ನೋಡಿದಳು, ಮೇಲೆ ನೋಡಿದಳು.

"ತಮ್ಮಾ, ಇರೂದು ನಿಮ್ಮಪ್ಪನ ಮೈಗೆ ಹೆಂಗೋ ಸಾಲ್ತೈತಿ. ಗೂಟಕ್ಕ ಅಂತ ತಗದ್ರ ಅಷ್ಟು ಮೈ ಬರಿದ ಉಳೀತೈತಿ, ಬರಿದ ಇದ್ದಲ್ಲೆ ಅವು ಒಳಗ ಹೊಗತಾವ. ಗೂಟ ನೆಡದಿದ್ರ ಪಂಥ ಸೋಲ್ತೀವಿ. ಏನು ಮಾಡ್ತಿ?"

ಊರೆಲ್ಲ ಸುತ್ತ ನಿಂತಿತ್ತು. ಮೋನಪ್ಪ ಅಪ್ಪನ ಮರದ ಮುಖ ನೋಡಿದ, ಅಪ್ಪ ನಿಂತಿದ್ದ ರೀತಿ ನೋಡಿದ. ಪಾದ ಹೂಳಿ, ನೆಟ್ಟಗೆ, ಹೊಡೆದು ನಿಲ್ಲಿಸಿದ ಹಾಗೆ. ಕೈಯಲ್ಲಿದ್ದ ಗೂಟವನ್ನು ಬೆಂಕಿಗೆ ಎಸೆದ.

"ಅಯ್ಯೋ!" ಎಂದು ಜನ ಕೂಗಿದರು.

ಪಾತ್ರೆ ಎತ್ತಿಕೊಂಡು ಅವನು ಹುತ್ತ ಹತ್ತಿದ. ಬರಿಗೈಯಲ್ಲಿ ಮಣ್ಣು ಕಿತ್ತ, ಗೆದ್ದಲು ಉದುರಿಸಿದ, ಸುಡುವ ಕೆಂಪನ್ನು ಅಂಗೈಯಲ್ಲಿ ತೆಗೆದು ಅಪ್ಪನ ಮೈಗೆ ಹಚ್ಚಿದ. ಕುತ್ತಿಗೆಗೆ, ಎದೆಗೆ, ಬೆನ್ನಿಗೆ, ತೊಡೆಗೆ. ಬಗೆದು ಪಾದಕ್ಕೂ ಹಚ್ಚಿದ. ಅಂಗೈಯಲ್ಲಿ ಬೊಬ್ಬೆ ಎದ್ದವು. ಗಂಗವ್ವನೂ ಹತ್ತಿ ಬಂದು ಹಿಂದಿನಿಂದ ಹಚ್ಚಿದಳು. ಪಾತ್ರೆ ಬರಿದಾಗುವುದಕ್ಕೂ ಹೊತ್ತು ನೆತ್ತಿಗೆ ಬರುವುದಕ್ಕೂ ಸರಿಯಾಯಿತು.

"ಮಧ್ಯಾಹ್ನವಾಯಿತು," ಎಂದಳು ಒಡತಿ. "ನಿನ್ನ ಮೂರನೆಯ ಗೂಟ ಎಲ್ಲಿ?"

ಮೋನಪ್ಪ ಅಪ್ಪನ ಎದೆಯ ಮೇಲೆ ಕೈ ಇಟ್ಟ.

"ಇದ ನನ್ನ ಗೂಟ," ಎಂದ. "ನಿನ್ನ ಮಾತಿನಂತೆ ನೀನೇ ಗೂಟ ಅಂತ ಊರೆಲ್ಲ ಕೇಳೂವಂಗ ನೀನ ಅಂದಿ. ಯಾವ ಮರ ಆದ್ರೂ ಆದೀತು ಅಂದಿ. ಹುತ್ತದಾಗ ನೆಟ್ಟಿರಬೇಕು ಅಂದಿ. ನೆಟ್ಟಾಕಿನೂ ನೀನ. ಈಗ ತಿಂದು ತೋರಸು."

ಒಡತಿಯ ನಗು ನಿಂತಿತು. ಮಾತಿಗೆ ಕಟ್ಟುಬಿದ್ದವಳು ಅವಳು, ಇಲ್ಲ ಎನ್ನಲಾಗಲಿಲ್ಲ.

ಮೊದಲು ಆಳು ಗೆದ್ದಲು ಬಂದವು. ಕಾಳಾಚಾರಿಯ ಪಾದಕ್ಕೆ ಮೀಸೆ ತಾಗಿಸಿ, ಬೆಂಕಿ ಮುಟ್ಟಿದ ಹಾಗೆ ಹಿಂದೆ ಸರಿದವು. ಆಮೇಲೆ ದಂಡಿನ ಗೆದ್ದಲು ಬಂದವು. ದೊಡ್ಡ ತಲೆ, ದೊಡ್ಡ ಹಲ್ಲು. ಕಚ್ಚಿದವೆಲ್ಲ ಕಚ್ಚಿದಲ್ಲೇ ಸತ್ತು ಉದುರಿದವು. ಹೊತ್ತು ಇಳಿಯುತ್ತಿತ್ತು, ಆದರೆ ಆ ದಿನ ಅದು ಎಷ್ಟು ನಿಧಾನವಾಗಿ ಇಳಿಯಿತೋ ಕಂಬಾವತಿಯವರೇ ಹೇಳಬೇಕು.

ಆಗ ಮೋನಪ್ಪ ನೋಡಿದ. ಅಪ್ಪನ ಹಿಂಗುತ್ತಿಗೆಯಲ್ಲಿ ಅಂಗೈಯಗಲದ ಜಾಗ ಬೆಳ್ಳಗೆ ಉಳಿದಿತ್ತು. ಕೆಂಪು ಅಲ್ಲಿಗೆ ಮುಟ್ಟಿರಲಿಲ್ಲ. ಗೆದ್ದಲುಗಳೂ ಅದನ್ನು ನೋಡಿದ್ದವು. ಹುತ್ತದ ಪಕ್ಕದ ಚೂಪು ತುದಿಯಿಂದ ಗಾಳಿಯಲ್ಲೇ ಮಣ್ಣಿನ ಸೇತುವೆ ಕಟ್ಟಿಕೊಂಡು ಆ ಬಿಳಿಯ ಕಡೆಗೆ ಬರುತ್ತಿದ್ದವು. ಮೋನಪ್ಪ ಸೇತುವೆ ಮುರಿದ. ಇನ್ನೊಂದು ಕಟ್ಟಿದವು. ಮುರಿದ. ಮತ್ತೆರಡು ಕಟ್ಟಿದವು.

"ಅವ್ವಾ, ಪಾತ್ರ್ಯಾಗ ಏನರ ಉಳಿದೈತಿ?"

"ಒಂದ ಹನಿ ಇಲ್ಲೋ," ಎಂದಳು ಗಂಗವ್ವ. ಎಂದವಳು ಮುಂದೆ ಬಂದು ತನ್ನ ಕೆಂಪು ಅಂಗೈಯನ್ನು ಕಾಳಾಚಾರಿಯ ಹಿಂಗುತ್ತಿಗೆಯ ಮೇಲೆ ಒತ್ತಿ ಇಟ್ಟಳು. ಬಣ್ಣಗಾರರ ಕೈ ಬಡಗಿಯ ಮೈಗೆ ತಾಗಿದ್ದು ಆ ಊರಲ್ಲಿ ಆ ದಿನವೇ ಮೊದಲು. ಗೆದ್ದಲು ಅವಳ ಮುಂಗೈ ಮೇಲೆ ಹರಿದವು, ಕಚ್ಚಿದವು. ಬೆರಳ ಸಂದಿಗೆ ಬಂದು ಅಂಗೈಯ ಕೆಂಪು ಕಂಡು ತಿರುಗಿದವು. ಗಂಗವ್ವನ ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ತೆಗೆಯಲಿಲ್ಲ.

ಹೊತ್ತು ಗುಡ್ಡದ ಅಂಚಿಗೆ ಬಂತು. ಒಡತಿ ತಾನೇ ಎದ್ದಳು. "ಮಕ್ಕಳಿಗೆ ಆಗದ್ದು ತಾಯಿಗೆ ಆಗುತ್ತದೆ," ಎಂದು ಬಾಯಿ ತೆರೆದು ಕಾಳಾಚಾರಿಯ ಎದೆಗೆ ಕಚ್ಚಿದಳು. ಕಟಕ್ ಎಂದಿತು. ಮುರಿದದ್ದು ಎದೆಯಲ್ಲ, ಅವಳ ಹಲ್ಲು. ಏಳು ವರ್ಷ ಕುದಿದ ಕಾಡಿನ ಕಹಿಯೆಲ್ಲ ಒಮ್ಮೆಗೇ ಅವಳ ಬಾಯಿಗೆ ಇಳಿಯಿತು. ಅವಳ ಮಂತ್ರ ಬಿಟ್ಟುಹೋಯಿತು, ಕಾಲು ಬಿದ್ದುಹೋಯಿತು. ಬಿಳಿಯ ದೊಡ್ಡ ಹುಳುವಾಗಿ ಹುತ್ತದ ಆಳಕ್ಕೆ ಉರುಳಿಬಿದ್ದಳು. ಈಗಲೂ ಅಲ್ಲೇ ಬಿದ್ದಿದ್ದಾಳೆ ಅನ್ನುತ್ತಾರೆ. ಮಕ್ಕಳು ಅಗಿದು ಬಾಯಿಗಿಟ್ಟರೆ ಉಣ್ಣುತ್ತಾಳೆ, ಇಲ್ಲದಿದ್ದರೆ ಇಲ್ಲ.

ಹೊತ್ತು ಮುಳುಗಿತು. ಗಂಗವ್ವನ ಕೈಯಡಿಯಲ್ಲಿ ಮರ ಬೆಚ್ಚಗಾಯಿತು. ಕಾಳಾಚಾರಿ ಉಸಿರೆಳೆದ. ಮೋನಪ್ಪ ಅಪ್ಪನನ್ನು ತಬ್ಬಿಕೊಂಡು, ಮೂರು ದಿನದಿಂದ ತಡೆದಿದ್ದ ಅಳುವನ್ನೆಲ್ಲ ಅತ್ತ.

ಕಾಳಾಚಾರಿಯ ಎಡಗಾಲಿನ ಮೂರು ಬೆರಳು ಮೊದಲ ದಿನವೇ ಹೋಗಿದ್ದವು. ಅವು ಬರಲಿಲ್ಲ. ಉಳಿದ ಮೈಯನ್ನು ಗೆದ್ದಲು ಮೇಲೆ ಮೇಲೆ ಕೆರೆದಿದ್ದವಷ್ಟೇ, ಆ ಗೀರುಗಳು ಮಾಯ್ದವು. ಅವನು ಮಗನ ಹೆಗಲು ಹಿಡಿದು ಕುಂಟುತ್ತಾ ಹುತ್ತ ಇಳಿದ.

ಕಂಬಾವತಿಯವರು ಮೊದಲು ಮಣ್ಣಿನ ಗುಡಿಸಲು ಕಟ್ಟಿಕೊಂಡರು. ಕಾಂತಿಸೇನ ಬಿಳಿ ಪಂಚೆ ಉಟ್ಟು ಎಲ್ಲರ ಜತೆ ಮಣ್ಣು ಹೊತ್ತ. ಮೊದಮೊದಲು ಅರ್ಧ ಬುಟ್ಟಿ ಹೊರುತ್ತಿದ್ದ, ಆಮೇಲೆ ಕಲಿತ. ಕುದಿಸುವ ಹಂಡೆಗಳಲ್ಲಿ ಊರಿಗೆಲ್ಲ ಅನ್ನ ಬೇಯಿಸಿದರು. ಕರಡಿ ಕಾದಿದ್ದ ಮರ ಬೆಳೆದು ಬೀಜ ಬಿಟ್ಟಾಗ ಅವನ್ನು ತಂದು ಮನೆಗೆ ನಾಲ್ಕರಂತೆ ನೆಟ್ಟರು. ಕೊಯ್ಯುವ ಮೊದಲು ಮರದ ನಡು ಕೆಂಪಾಗುವ ತನಕ ಕಾಯಬೇಕು, ಗೂಟವನ್ನು ಎಲ್ಲ ಕೆಲಸ ಮುಗಿದ ಮೇಲೆ ಕಡಿಯಬೇಕು ಎಂದು ಪದ್ಧತಿ ಮಾಡಿದರು. ಬಡಗಿಗಳ ಕೇರಿಗೂ ಬಣ್ಣಗಾರರ ಕೇರಿಗೂ ನಡುವಿದ್ದ ಬೇಲಿ ಕಿತ್ತರು. ಎಲ್ಲರೂ ಸುಖವಾಗಿದ್ದರು.

ಗುಡಿಸಲಿನಲ್ಲಿ ಮೊದಲ ಊಟ ಮಾಡಿದ ದಿನ ಕಾಳಾಚಾರಿ ಮಗನ ಬೊಬ್ಬೆ ಎದ್ದ ಅಂಗೈಗೆ ಬೆಣ್ಣೆ ಹಚ್ಚುತ್ತಿದ್ದ.

"ಮರ ಆದಾಗ ನನಗ ಏನೂ ಗೊತ್ತಾಗ್ತಿದ್ದಿಲ್ಲೋ," ಎಂದ. "ಕಾಲು ತಿಂದ್ರೂ ನೋವಿಲ್ಲ. ಅದ ಅಂಜಿಕಿ ಆಗಿತ್ತು. ನೀ ಬಿಸಿ ಬಿಸಿ ಕೈ ಎದಿಮ್ಯಾಲೆ ಇಟ್ಟಾಗ ಚುರ್ ಅಂತ ಸುಟ್ಟಿತು ನೋಡು, ಆಗ ಗೊತ್ತಾತು, ನನ್ನ ಮಗಾ ಬಂದಾನ ಅಂತ."

ಮೋನಪ್ಪ ಇನ್ನೊಂದು ಅಂಗೈಯನ್ನೂ ಅಪ್ಪನ ಮುಂದೆ ಚಾಚಿದ.